ದಯಾನಂದಣ್ಣನ ಒಂದೆಸಳಿನ ಹೂ

ಡೊಂಬಿವಲಿ ಪೂರ್ವದಲ್ಲಿ ನಮ್ಮ ಕಟ್ಟಡಕ್ಕೂ ಅದರ ಹಿಂದಿನ ಕಾಂಪೌಂಡ್ ಗೋಡೆಗೂ ನಡುವೆ ಒಂದು ಮಣ್ಣಿನ ಪಟ್ಟಿ ಇತ್ತು. ಹದಿನಾಲ್ಕು ಅಡಿ ಉದ್ದ, ಮೂರಡಿ ಅಗಲ. ನೆಲಮಹಡಿಯ ದಯಾನಂದಣ್ಣ ಅಲ್ಲಿ ನಾಲ್ಕು ಮಳೆಗಾಲ ಒಂದೇ ಜಾತಿಯ ಗಿಡ ಬೆಳೆಸಿದರು. ಗುಲಾಬಿಯಲ್ಲ, ದಾಸವಾಳವಲ್ಲ. ಪೂಜೆಗೆ ಬರುವಂಥದ್ದಲ್ಲ, ಮುಡಿಯಲು ಆಗುವಂಥದ್ದೂ ಅಲ್ಲ. ಗೇಣುದ್ದದ ಗಿಡ, ಹುಲ್ಲಿನಂಥ ಸಣ್ಣ ಎಲೆ, ಅದರ ಸಂದಿಯಲ್ಲಿ ಒಂದೇ ಎಸಳಿನ ನೇರಳೆ ಹೂ. ಉಳಿದ ಎಸಳುಗಳೂ ಇವೆಯಂತೆ, ಆದರೆ ಅವು ಹಿಂದೆ ಮುದುಡಿಕೊಂಡು ಕೂತಿರುತ್ತವೆ. ಕಣ್ಣಿಗೆ ಕಾಣುವುದು ಒಂದೇ.

ಮೊದಲ ಸಲ ನೋಡಿದಾಗ ನಾನು, "ಅಣ್ಣಾರ, ಇದು ಕಸ ಅಲ್ಲೇನ್ರಿ?" ಎಂದು ಕೇಳಿಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ನನ್ನ ಗಂಡ ರಾಜಶೇಖರ ಹೇಳುವುದು ಸುಳ್ಳಲ್ಲ.

ದಯಾನಂದಣ್ಣನಿಗೆ ಬೇಸರವಾಗಲಿಲ್ಲ. "ಕಸವೇ, ಪೂನಮಕ್ಕ. ಆದ್ರೆ ಎಂತ ಚಂದದ ಕಸ ನೋಡಿ ಮಾರಾಯ್ರೆ," ಎಂದರು.

ಅವರು ಕಾರ್ಕಳದ ಕಡೆಯವರು. ಹದಿನಾರನೇ ವಯಸ್ಸಿಗೆ ಬಂದು ಠಾಣೆಯ ನೌಪಾಡಾದಲ್ಲಿ ಒಂದು ಹೋಟೆಲು ಸೇರಿದರು. ಮೊದಲು ಪ್ಲೇಟು ತೊಳೆದರು, ಆಮೇಲೆ ಮೇಜು ಒರೆಸಿದರು, ಆಮೇಲೆ ಚಹಾದ ಒಲೆಯ ಮುಂದೆ ನಿಂತರು. ಹಾಗೆ ನಿಂತವರು ಮೂವತ್ತೆಂಟು ವರ್ಷ ಅಲ್ಲಿಂದ ಕದಲಲಿಲ್ಲ. ಮದುವೆಯಾಗಿ ಡೊಂಬಿವಲಿಯಲ್ಲಿ ಮನೆ ಮಾಡಿದ ಮೇಲೆ ದಿನಾ ಬೆಳಿಗ್ಗೆ ಆರೂ ಹತ್ತರ ಲೋಕಲ್ ಹಿಡಿಯುತ್ತಿದ್ದರು. ಕೋಪರ್ ಸ್ಟೇಷನ್ ದಾಟಿ ದಿವಾ ಬರುವ ಮೊದಲು ಆ ಗಾಡಿ ಸಿಗ್ನಲ್ಲಿಗಾಗಿ ನಿಲ್ಲುತ್ತಿತ್ತು. ನೂಕುನುಗ್ಗಲಿನಲ್ಲಿ ಬಾಗಿಲ ಕಂಬ ಹಿಡಿದು ನಿಂತ ದಯಾನಂದಣ್ಣನ ಕಣ್ಣ ಮುಂದೆ ಆಗ ಹಳಿಯ ಪಕ್ಕದ ದಿಬ್ಬ ಬರುತ್ತಿತ್ತು. ಮಳೆಗಾಲದಲ್ಲಿ ಆ ದಿಬ್ಬದ ತುಂಬ ನೇರಳೆ ಚುಕ್ಕಿಗಳು. ಒಂದು ನಿಮಿಷ, ಹೆಚ್ಚೆಂದರೆ ಎರಡು. ಸಂಜೆ ಮರಳುವಾಗ ನೋಡಿದರೆ ಬರೀ ಹಸಿರು. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಗಿಯುವ ಜಾತಿಯದು ಎಂದು ಅವರಿಗೆ ಆಗ ಗೊತ್ತಿರಲಿಲ್ಲ. ತಾನು ಕಂಡದ್ದು ನಿದ್ದೆಗಣ್ಣಿನ ಕನಸೇ ಇರಬೇಕು ಎಂದುಕೊಳ್ಳುತ್ತಿದ್ದರಂತೆ.

"ನನ್ನ ಒಲೆಯ ಮೇಲೆ ಹಾಲು ಉಕ್ಕಿದ್ದು ಅಷ್ಟು ವರ್ಷದಲ್ಲಿ ಎರಡೇ ಸಲ," ಎಂದು ಅವರೇ ಹೇಳುತ್ತಿದ್ದರು. "ಎರಡೂ ಸಲ ಜುಲೈ ತಿಂಗಳು. ಸೇಟು ಬೈದದ್ದೂ ಕೇಳಲಿಲ್ಲ ನಂಗೆ. ಕಣ್ಣಲ್ಲಿ ಆ ದಿಬ್ಬವೇ ಉಂಟು."

ನಿಂತು ನಿಂತು ಕಾಲಿನ ನರ ಉಬ್ಬಿ ಕೆಲಸ ಬಿಟ್ಟ ವರ್ಷ, ಅವರು ಮಾಡಿದ ಮೊದಲ ಕೆಲಸ ಕೋಪರ್‌ಗೆ ನಡೆದು ಹೋದದ್ದು. ರೈಲ್ವೆ ಬೇಲಿಯ ಹೊರಗಿನ ಕಾಲುದಾರಿಯಲ್ಲಿ ಅದೇ ಹೂ ಸಿಕ್ಕಿತು. ಮಗಳು ಪ್ರಣೀತಾ ಮೊಬೈಲಿನಲ್ಲಿ ಫೋಟೋ ಹಿಡಿದು ನೋಡಿ, "ಪಪ್ಪಾ, ಯೆ ತೋ ವಾಯ್ಲೆಟ್ ಫ್ಯಾಮಿಲಿ ಕಾ ಹೈ, ಜಂಗಲೀ," ಎಂದಳು, ವಾಯ್ಲೆಟ್ ಜಾತಿಯ ಕಾಡು ಹೂ ಎಂದು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಅಂದಿನಿಂದ ಅವರ ಮನೆಯಲ್ಲಿ ಅದರ ಹೆಸರು ವಾಯ್ಲೆಟ್.

ಬೇರು ಸಮೇತ ತಂದ ಗಿಡಗಳೆಲ್ಲ ವಾರದೊಳಗೆ ಸತ್ತವು. ಬೀಜ ತರೋಣವೆಂದರೆ ಅದರ ಕಾಯಿ ಬಲು ಜಾಣ. ಇವತ್ತು ಹಸಿರು, ನಾಳೆ ನೋಡಿದರೆ ಮೂರು ಸೀಳಾಗಿ ಬಾಯಿ ಬಿಟ್ಟು ಬೀಜವನ್ನೆಲ್ಲ ಸಿಡಿಸಿ ಕೂತಿರುತ್ತದೆ. ಸಿಡಿದದ್ದನ್ನು ಇರುವೆಗಳು ಹೊತ್ತು ನಡೆದಿರುತ್ತವೆ. ದಯಾನಂದಣ್ಣ ಹೋಟೆಲಿನವರ ಬುದ್ಧಿ ಓಡಿಸಿದರು. ಚಹಾ ಸೋಸುವ ಬಟ್ಟೆಯನ್ನು ಬೆರಳುದ್ದದ ಚೀಲಗಳಾಗಿ ಹೊಲಿದು, ಬಲಿಯುವ ಕಾಯಿಗಳಿಗೆ ಕಟ್ಟಿ ಬಂದರು. ಮೂರನೇ ದಿನ ಹೋದರೆ ಚೀಲದೊಳಗೆ ಬೀಜ. ಅದನ್ನು ಮರಳಿನಲ್ಲಿ ಬೆರೆಸಿ, ಹೋಟೆಲಿನ ಮೇಜಿನ ಮೇಲಿರುವಂಥ ಉಪ್ಪಿನ ಡಬ್ಬಿಗೆ ತುಂಬಿ, ಆಮ್ಲೆಟ್ಟಿನ ಮೇಲೆ ಉದುರಿಸುವ ಹಾಗೆ ಪಟ್ಟಿಯ ಮೇಲೆಲ್ಲ ಉದುರಿಸಿದರು. ಆಮೇಲೆ ಮಳೆ ಬಂತು. ಹತ್ತು ಹನ್ನೆರಡು ದಿನಕ್ಕೆ ಮೊಳಕೆ ಬಂತು. ನೋಡುತ್ತ ಒಂದು ತಾಸು ಕೂತೇ ಇದ್ದರು ಎಂದು ಅವರ ಹೆಂಡತಿ ಸ್ವರ್ಣಲತಾ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು, ದೂರೋ ಹೆಮ್ಮೆಯೋ ತಿಳಿಯದಂಥ ದನಿಯಲ್ಲಿ.

ನನ್ನ ಅತ್ತೆ ಬಸವಣ್ಣೆವ್ವ ಈ ಕಥೆಗೆ ಬರುವುದು ಇಲ್ಲಿ.

ಅತ್ತೆ ಗದಗಿನ ಕಡೆಯವರು. ಮೊಣಕಾಲಿನ ಆಪರೇಷನ್ನಿಗೆಂದು ಬಂದವರು ನಮ್ಮಲ್ಲೇ ಉಳಿದರು. ರಾಜಶೇಖರ ಉಲ್ಹಾಸನಗರದಲ್ಲಿ ಗುಂಡಿ, ಝಿಪ್ಪುಗಳ ಅಂಗಡಿ ನಡೆಸುತ್ತಾರೆ. ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ನಾನು ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಬಂದ ವರ್ಷವೇ ಕಟ್ಟಡದ ಅರಿಶಿನ ಕುಂಕುಮಕ್ಕೆ ಕರೆದುಕೊಂಡು ಹೋದೆ. ತಿಂಡಿ ಬಡಿಸುವ ಮರಾಠಿ ಹುಡುಗಿಗೆ ಅತ್ತೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಅಂದರು. ಆ ಹುಡುಗಿ ಒಳಗೆ ಓಡಿ ಹೋಗಿ ಒಂದು ಚಾಕು ತಂದು ಅವರ ಕೈಗೆ ಕೊಟ್ಟಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಏಕೆ ಮುಚ್ಚಿಡಲಿ. ಅಂದಿನಿಂದ ಅವರಿಗೆ "ಚಾಕು ಆಜಿ", ಅಂದರೆ ಚಾಕು ಅಜ್ಜಿ, ಎಂಬ ಹೆಸರಾಯಿತು. ಆ ಹೆಸರು ಕಿವಿಗೆ ಬಿದ್ದ ದಿನದಿಂದ ಎಂಟು ತಿಂಗಳು ಅತ್ತೆ ಮೆಟ್ಟಿಲು ಇಳಿಯಲಿಲ್ಲ. ಕೇಳಿದರೆ ಮೊಣಕಾಲು ನೋವು ಅನ್ನುತ್ತಿದ್ದರು. ಮೊಣಕಾಲು ಚೆನ್ನಾಗಿಯೇ ಇತ್ತು.

ನಮ್ಮ ಅಡುಗೆಮನೆಯ ಕಿಟಕಿ ಸರಿಯಾಗಿ ಆ ಪಟ್ಟಿಯ ಮೇಲೆ. ಒಂದು ಬೆಳಿಗ್ಗೆ ಅತ್ತೆ ಕಿಟಕಿಯ ಸರಳು ಹಿಡಿದು ಕೆಳಗೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ, "ಏ ತಮ್ಮಾ, ಅದು ಪುರುಷರತ್ನ ಅಲ್ಲೇನೋ?" ಎಂದು ಕೂಗಿದರು.

ದಯಾನಂದಣ್ಣ ತಲೆ ಎತ್ತಿದರು. "ಎಂತ ಹೇಳಿದ್ರಿ ಅಮ್ಮ?"

"ಪುರುಷರತ್ನ. ನಮ್ಮ ಹೊಲದ ಬದುವಿನ ಮ್ಯಾಲ ಮಸ್ತ್ ಆಗತಿತ್ತು. ಔಷಧಕ್ಕ ಒಯ್ತಿದ್ರು. ತಡಿ, ಬಂದೆ."

ಬಂದೆ ಅಂದವರು ಬಂದೇಬಿಟ್ಟರು. ಗೋಡೆಗೆ ಒಂದು ಕೈ ಕೊಟ್ಟು, ಒಂದೊಂದೇ ಮೆಟ್ಟಿಲು. ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ.

ಹೂವಿನ ಹೆಸರು ಕೇಳಿ ಸ್ವರ್ಣಲತಾಗೆ ಹಬ್ಬ. ಅಂದಿನಿಂದ ಅವರು ಗಂಡನನ್ನು ಕರೆಯುವುದೇ ಹಾಗೆ: "ಪೂನಂ, ನಮ್ಮ ಪುರುಷರತ್ನ ಎಲ್ಲಿದ್ದಾರೆ? ಚಹಾ ತಣ್ಣಗಾಯ್ತು." ದಯಾನಂದಣ್ಣ ನಾಚಿ ಗಿಡದ ಕಡೆಗೆ ಬಗ್ಗುತ್ತಿದ್ದರು.

ಆ ಜುಲೈ, ಆಗಸ್ಟಿನ ಬೆಳಗುಗಳು ನನಗೆ ಈಗಲೂ ನಿಜವೆನಿಸುವುದಿಲ್ಲ. ಜಿಟಿಜಿಟಿ ಮಳೆ ನಿಂತಿರುತ್ತಿತ್ತು. ಗೋಡೆ ಇನ್ನೂ ಒದ್ದೆ. ಪಟ್ಟಿಯ ಒಂದು ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅತ್ತೆ, ಇನ್ನೊಂದು ತುದಿಯಲ್ಲಿ ಗೋಣಿ ಚೀಲ ಹಾಸಿಕೊಂಡು ದಯಾನಂದಣ್ಣ. ಇಬ್ಬರ ನಡುವೆ ಹೂಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಮೊದಲು ಒಂದು ನೇರಳೆ ಗೀರು ಕಾಣುತ್ತದೆ, ನೀವು ಬೇರೆಲ್ಲೋ ನೋಡಿ ಮತ್ತೆ ಕಣ್ಣು ಹೊರಳಿಸುವಷ್ಟರಲ್ಲಿ ಅದು ಎಸಳಾಗಿರುತ್ತದೆ. ಅರಳುವ ಗಳಿಗೆ ಮಾತ್ರ ಯಾರ ಕೈಗೂ ಸಿಗದು. ದಯಾನಂದಣ್ಣ ರೆಪ್ಪೆ ಮಿಟುಕಿಸದೆ ಕಾಯುತ್ತಿದ್ದರು. ದೂರದಲ್ಲಿ ಸ್ಟೇಷನ್ನಿನ ಘೋಷಣೆ, ಹತ್ತಿರದಲ್ಲಿ ಯಾರದೋ ಮನೆಯ ಕುಕ್ಕರಿನ ಸಿಳ್ಳು, ಇವರಿಬ್ಬರೂ ಯಾವುದೂ ಕೇಳದವರ ಹಾಗೆ ಕೂತಿರುತ್ತಿದ್ದರು.

ಮಾತು ಇತ್ತು. ಅತ್ತೆಯ ಕನ್ನಡ ಅವರಿಗೆ ಅರ್ಧ ಹಿಡಿಯುತ್ತಿತ್ತು, ಅವರ ಕನ್ನಡ ಅತ್ತೆಗೆ ಅರ್ಧ. ಎರಡು ಅರ್ಧ ಸೇರಿ ಹೇಗೋ ಒಂದಾಗುತ್ತಿತ್ತು. ಅತ್ತೆ ಬದುವಿನ ಕಥೆ ಹೇಳುತ್ತಿದ್ದರು, ಅವರು ಲೋಕಲ್ಲಿನ ಬಾಗಿಲ ಕಥೆ. ಒಂದು ದಿನ ಅತ್ತೆ ಮೇಲೆ ಬಂದು, "ನನಗ ಈ ಊರಾಗ ಮಾತಾಡಾಕ ಒಬ್ಬ ಮನಿಷ್ಯಾ ಸಿಕ್ಕ ನೋಡವಾ," ಅಂದರು. ನಾನು ಮನೆಯಲ್ಲೇ ಇದ್ದೇನಲ್ಲ, ನಾನು ಮನುಷ್ಯಳಲ್ಲವೇ ಎಂದು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ನಾನು ಅವರ ಜೊತೆ ಮಾತಾಡುತ್ತಿದ್ದುದು ಗುಳಿಗೆ ತಗೊಂಡ್ರೇನು, ಊಟ ಮಾಡ್ತೀರೇನು, ಇಷ್ಟೇ.

ಅಂಥದ್ದಕ್ಕೆಲ್ಲ ಕಣ್ಣು ಬೀಳದೆ ಇರುತ್ತದೆಯೇ. ಕಟ್ಟಡದಲ್ಲಿ ಸ್ಕೂಟರುಗಳು ಹೆಚ್ಚಾಗಿದ್ದವು. ಪಟ್ಟಿಗೆ ಸಿಮೆಂಟಿನ ಪೇವರ್ ಬ್ಲಾಕ್ ಹಾಕಿಸಿ ಪಾರ್ಕಿಂಗ್ ಮಾಡೋಣ ಎಂದು ಮೂರು ಮನೆಯವರು ಅರ್ಜಿ ಕೊಟ್ಟರು. ಸೆಕ್ರೆಟರಿ ಹರಿಶ್ಚಂದ್ರ ಮ್ಹಾತ್ರೆ ಕೆಟ್ಟವರಲ್ಲ. ಎರಡೂ ಕಡೆಯವರ ಮಾತು ಕೇಳಿ ಒಂದು ದಾರಿ ತೆಗೆದರು. ಗಣಪತಿ ಹಬ್ಬದ ಹಿಂದಿನ ಭಾನುವಾರ ಸೊಸೈಟಿಯ ಸಭೆ. ಅಂದು ಕಮಿಟಿಯವರು ಬಂದು ನೋಡುತ್ತಾರೆ. ಪಟ್ಟಿ ಹೂದೋಟದ ಹಾಗೆ ಕಂಡರೆ ಅದು ದಯಾನಂದಣ್ಣನದು, ಹುಲ್ಲು ಕಸದ ಹಾಗೆ ಕಂಡರೆ ಪೇವರ್ ಬ್ಲಾಕ್.

ದಯಾನಂದಣ್ಣ ಅಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಹುಲ್ಲನ್ನು ಬೆರಳಿನಿಂದ ಒಂದೊಂದೇ ಎಳೆ ಕಿತ್ತರು. ಅಂಚಿಗೆ ಇಟ್ಟಿಗೆ ಇಟ್ಟು ಕೆಮ್ಮಣ್ಣು ಬಳಿದರು. ಸಭೆಯ ವಾರ ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ಹೂ ಬಿಡುತ್ತಿತ್ತು. ಗೆದ್ದಂತೆಯೇ ಎಂದು ನಾವೆಲ್ಲ ಅಂದುಕೊಂಡೆವು.

ಸಭೆಯ ಹಿಂದಿನ ದಿನ, ಶನಿವಾರ, ದಯಾನಂದಣ್ಣ ದಂಪತಿ ವಾಶಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಲೇಬೇಕಾಯಿತು. "ಅಮ್ಮ, ಸ್ವಲ್ಪ ನೋಡಿಕೊಳ್ಳಿ ಆಯ್ತಾ," ಎಂದು ಅತ್ತೆಗೆ ಹೇಳಿ ಹೋದರು. ಅತ್ತೆ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಏಳಲಿಲ್ಲ. ಹನ್ನೊಂದರ ಹೊತ್ತಿಗೆ ಸೊಸೈಟಿಯ ಮಾಲಿ ಬಂದ. ಹಬ್ಬಕ್ಕೆ ಮುಂಚೆ ಆವರಣ ಚೊಕ್ಕಟ ಮಾಡಲು ಹೇಳಿದ್ದರು. ಮುರ್ಬಾಡ ಕಡೆಯ ಮುದುಕ, ಈ ಕಟ್ಟಡಕ್ಕೆ ಹೊಸಬ. ಗಿಡಗಳನ್ನು ತೋರಿಸಿ ಮರಾಠಿಯಲ್ಲಿ, "ಆಜಿ, ಹೇ ಗವತ?" ಎಂದು ಕೇಳಿದ. ಇದು ಹುಲ್ಲೇ, ಎಂದು.

ಅತ್ತೆಗೆ ಅರ್ಥವಾಗಲಿಲ್ಲ, ಆದರೆ ಅವನು ಗಿಡದ ಬಗ್ಗೆಯೇ ಕೇಳುತ್ತಿದ್ದಾನೆ ಎಂದು ತಿಳಿಯಿತು. ಹೆಮ್ಮೆಯಿಂದ, ಕೈ ತೋರಿಸಿ, ಬಿಡಿಸಿ ಬಿಡಿಸಿ ಹೇಳಿದರು: "ಕಾಡ ಹೂ. ಕಾಡ ಹೂ."

ಮರಾಠಿಯಲ್ಲಿ ಕಾಢ ಎಂದರೆ ಕೀಳು. ಹೋ ಎಂದರೆ ಹೌದು. ಅವನ ಕಿವಿಗೆ ಬಿದ್ದದ್ದು ಕೀಳು, ಹೌದು, ಕೀಳು, ಹೌದು. ಎರಡೆರಡು ಸಲ.

ಅವನು ತಲೆಯಾಡಿಸಿದ. ಸರಿಯಾಗಿ ತಿಳಿಸಿ ಹೇಳಿದೆನೆಂಬ ಸಮಾಧಾನದಲ್ಲಿ ಅತ್ತೆ ಗುಳಿಗೆಯ ಹೊತ್ತಾಯಿತೆಂದು ಮೇಲೆ ಬಂದು, ಊಟ ಮಾಡಿ, ಸ್ವಲ್ಪ ಅಡ್ಡಾದರು. ನಾನು ಟ್ಯೂಷನ್ನಿನ ಮಕ್ಕಳ ಗದ್ದಲದಲ್ಲಿದ್ದೆ. ಮೂರು ಗಂಟೆಗೆ ಕಿಟಕಿಯಿಂದ ನೋಡಿದರೆ ಪಟ್ಟಿ ಬೋಳು. ಬರೀ ಕೆಂಪು ಇಟ್ಟಿಗೆಯ ಅಂಚು.

ಕೆಳಗೆ ಓಡಿದೆ. ಮಾಲಿ ಗೇಟಿನ ಹತ್ತಿರ ಕೈ ತೊಳೆಯುತ್ತಿದ್ದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಗಾಬರಿಯಾಗಿ, "ಆಜೀನೀಚ ಸಾಂಗಿತಲಂ ನಾ ಬಾಯಿ. ಕಾಢ ಹೋ, ಕಾಢ ಹೋ," ಎಂದ. ಅಜ್ಜಿಯೇ ಹೇಳಿದರು, ಎಂದು. ನನ್ನ ಬೈಗುಳ ಅಲ್ಲೇ ನಿಂತಿತು. ಕಿತ್ತದ್ದನ್ನೆಲ್ಲ ಆಗಲೇ ಕಸದ ಗಾಡಿ ಒಯ್ದಿತ್ತು.

ಅತ್ತೆ ಎದ್ದು ಕಿಟಕಿಗೆ ಬಂದು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರು. "ಅವಗ ಬಿಡಿಸಿ ಹೇಳಿದ್ನೆಲ್ಲವಾ ಪೂನಂ. ಯಾರೋ ಮೊದಲ ಕೀಳಾಕ ಹೇಳಿಟ್ಟಾರ." 

ಸಂಜೆ ದಯಾನಂದಣ್ಣ ಬಂದಾಗ ಎಲ್ಲವನ್ನೂ ಗೇಟಿನಲ್ಲೇ ಹೇಳಿದೆ. ಅವರು ಪಟ್ಟಿಯ ಹತ್ತಿರ ಹೋಗಿ, ನಿಶ್ಚಿತಾರ್ಥದ ಬಿಳಿ ಅಂಗಿಯಲ್ಲೇ ಮಣ್ಣಿನ ಮೇಲೆ ಕೂತರು. ಬಹಳ ಹೊತ್ತು ಏಳಲಿಲ್ಲ. ಮಣ್ಣನ್ನು ಅಂಗೈಯಿಂದ ಸವರುತ್ತಿದ್ದರು. ಅವರು ಅತ್ತರೆಂದು ನನಗೆ ಖಾತ್ರಿ, ನಾನು ಮುಖ ನೋಡಲಿಲ್ಲ. ಎದ್ದ ಮೇಲೆ ಕೇಳಿದ್ದು ಒಂದೇ ಮಾತು: "ಅಮ್ಮನಿಗೆ ಗೊತ್ತುಂಟಾ, ತಾನು ಹೇಳಿದ್ದಕ್ಕೇ ಆದದ್ದು ಅಂತ?"

"ಇಲ್ರಿ."

"ಹಾಗಾದ್ರೆ ಹೇಳ್ಬೇಡಿ."

ಭಾನುವಾರ ಸಭೆ. ಕಮಿಟಿಯವರು ಬೋಳು ಪಟ್ಟಿ ನೋಡಿದರು. ಸ್ಕೂಟರಿನವರು ಮುಖ ಮುಖ ನೋಡಿಕೊಂಡರು. ಹರಿಶ್ಚಂದ್ರ ಮ್ಹಾತ್ರೆ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು, ಮೊನ್ನೆಯವರೆಗೆ ಇಲ್ಲಿ ಹೂ ಇದ್ದದ್ದು ನಾನೇ ಕಂಡಿದ್ದೇನೆ. ಯಾರಾದರೂ ತಪ್ಪಿನಿಂದ ಕೀಳಿಸಿದ್ದರೆ ಹೇಳಿ, ಅದು ದಯಾನಂದರ ದೋಷವಲ್ಲ, ಇನ್ನೊಂದು ಮಳೆಗಾಲ ಬಿಡೋಣ.

ನಾನು ದಯಾನಂದಣ್ಣನನ್ನು ನೋಡಿದೆ. ಒಂದು ವಾಕ್ಯ ಸಾಕಿತ್ತು. ಆ ವಾಕ್ಯ ಆಡಿದರೆ ಸಭೆಯಲ್ಲಿ ಯಾರು ಮೊದಲು ನಗುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಚಾಕು ಆಜಿ ಈಗ ಕಾಢ ಆಜಿ.

"ನಾನೇ ಹೇಳಿದ್ದು ಮಾಲಿಗೆ," ಎಂದರು ದಯಾನಂದಣ್ಣ, ತಮ್ಮ ಹೋಟೆಲು ಮರಾಠಿಯಲ್ಲಿ. "ಬೇಜಾರು ಬಂತು. ಕಾಲು ನೋವು. ಬೇಡ ಅನ್ನಿಸಿತು."

ಹೆಸರಿಗೆ ಹರಿಶ್ಚಂದ್ರ, ಅಂಥವರ ಎದುರು ಅಂಥ ಸುಳ್ಳು. ಸ್ವರ್ಣಲತಾ ಗಂಡನನ್ನೇ ನೋಡುತ್ತ ಕೂತಿದ್ದರು. ಅಂದು ಅವರು ತಮಾಷೆಯ ಹೆಸರು ಕರೆಯಲಿಲ್ಲ. ಮೂರು ಹೊತ್ತು ಮಾತಾಡುವ ನಾನು ಅಂದು ಬಾಯಿ ಬಿಡಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಸುಮ್ಮನಿದ್ದೆ ಎನ್ನಬಹುದು. ನನ್ನ ಮನೆಯ ಮಾನ ಉಳಿಯಿತಲ್ಲ ಎಂಬ ನೆಮ್ಮದಿಯೂ ಇತ್ತು, ಅದಕ್ಕೆ ನನಗೆ ನಾಚಿಕೆಯಾಗುತ್ತದೆ. ಗಣಪತಿ ವಿಸರ್ಜನೆಯಾದ ಮರುವಾರ ಪೇವರ್ ಬ್ಲಾಕ್ ಬಂದವು.

ಸಭೆಯ ಸುದ್ದಿಯನ್ನು ಅಂದೇ ರಾತ್ರಿ ರಾಜಶೇಖರ ಏನೂ ತಿಳಿಯದೆ ಊಟಕ್ಕೆ ಕೂತಾಗ ತಾಯಿಗೆ ಹೇಳಿಬಿಟ್ಟಿದ್ದರು, ದಯಾನಂದಣ್ಣನೇ ಕೀಳಿಸಿದರಂತೆ ಎಂದು. ಅತ್ತೆ ತಟ್ಟೆ ಸರಿಸಿ ಎದ್ದರು. ಮರುದಿನ ಬೆಳಿಗ್ಗೆ ಗೋಡೆ ಹಿಡಿದು ಮೆಟ್ಟಿಲು ಇಳಿದು ಅವರ ಬಾಗಿಲ ಮುಂದೆ ನಿಂತರು.

"ಬೆಳಿಸಿದ ಕೈಲೇ ಕೀಳಸಾಕ ನಿನಗ ಮನಸರ ಹ್ಯಾಂಗ ಬಂತೋ? ನನ್ನ ಕಾಯಾಕ ಕುಂದರಿಸಿ, ಹಿಂದ ಅವಗ ಹೇಳಿ ಹೋಗಿದ್ದೆಲ್ಲ. ಹುಚ್ಚಿ ಅಂತ ತಿಳದಿ ನನ್ನ?"

"ತಪ್ಪಾಯ್ತು ಅಮ್ಮ," ಎಂದರು ದಯಾನಂದಣ್ಣ.

ಒಂದು ದಿನಕ್ಕೆ ಮುಗಿಯಲಿಲ್ಲ ಅದು. ಅತ್ತೆ ದಿನಾ ಇಳಿಯತೊಡಗಿದರು, ಬೈಯಲೆಂದೇ. ಪೇಂಟ್ ಖಾಲಿಯಾದ ಎರಡು ಬಕೆಟ್ಟಿಗೆ ಮಣ್ಣು ತುಂಬಿಸಿದರು. "ಕಿತ್ತಾಂವ ನೀನ, ಹಚ್ಚಾಂವನೂ ನೀನ" ಎಂದು ಎದುರು ಕೂತು, ಉಪ್ಪಿನ ಡಬ್ಬಿಯಲ್ಲಿ ಉಳಿದಿದ್ದ ಬೀಜ ಹಾಕಿಸಿದರು. ನೀರು ಹೆಚ್ಚಾದರೆ ಬೈಗುಳ, ಕಡಿಮೆಯಾದರೆ ಬೈಗುಳ. ದಯಾನಂದಣ್ಣ ತಲೆ ತಗ್ಗಿಸಿ ಕೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿ, "ಅಣ್ಣಾರ, ನಾ ಖರೇ ಹೇಳಿಬಿಡ್ತೀನ್ರಿ. ನಿಮಗ ಸುಮ್ಮಸುಮ್ಮನ ಬೈಸ್ಕೊಳ್ಳೂದು ಯಾಕ ಬೇಕು?" ಅಂದೆ.

ಅವರು, "ಹೇಳಿದ್ರೆ ಅವ್ರು ಕೆಳಗೆ ಬರೋದು ನಿಲ್ಲಿಸ್ತಾರೆ, ಪೂನಮಕ್ಕ," ಎಂದರು. "ಬೈಲಿ. ಬೈಲಿಕ್ಕಾದ್ರೂ ಬರ್ತಾರಲ್ವಾ. ನಂಗೂ ಬೆಳಿಗ್ಗೆ ಕೂತು ಮಾತಾಡ್ಲಿಕ್ಕೆ ಬೇರೆ ಯಾರುಂಟು?"

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬಕೆಟ್ಟಿನಲ್ಲಿ ಮೂರು ಗಿಡ ಎದ್ದಿದ್ದವು. ಇಷ್ಟು ದಿನ ಕೆಳಗೆ ಕೂತು ಕೂತು ಅತ್ತೆಯ ಕಿವಿಗೆ ಮರಾಠಿ ಒಂದಿಷ್ಟು ಬಿದ್ದಿತ್ತು. ಆ ಬೆಳಿಗ್ಗೆ ಪಕ್ಕದ ಮನೆಯಾಕೆ ಕೆಲಸದವಳಿಗೆ ಮೊರದ ಅಕ್ಕಿಯೊಳಗಿನ ಕಲ್ಲು ತೋರಿಸಿ "ಕಾಢ, ಕಾಢ" ಅನ್ನುತ್ತಿದ್ದಳು. ನಾನು ಒಲೆಯ ಮುಂದೆ ಇದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಪೂನಂ, ಕಾಢ ಅಂದ್ರ ಏನವಾ, ಇವರ ಮಾತಿನಾಗ?"

ನನ್ನ ಕೈಯ ಸೌಟು ನಿಂತಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. "ಕಾಢಾ ಅಂದ್ರ ಕಷಾಯ ರೀ ಅತ್ತಿ," ಅಂದೆ. ಸುಳ್ಳಲ್ಲ, ಮರಾಠಿಯಲ್ಲಿ ಕಷಾಯಕ್ಕೂ ಕಾಢಾ ಅಂತಲೇ ಅನ್ನುತ್ತಾರೆ.

ಅತ್ತೆ ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದು ಕೆಳಗೆ ನೋಡಿದರು. ಅಲ್ಲಿ ಸಾಲಾಗಿ ಸ್ಕೂಟರುಗಳು, ಅವುಗಳ ಕೊನೆಯಲ್ಲಿ ಬಕೆಟ್ಟಿನ ಮುಂದೆ ದಯಾನಂದಣ್ಣ. ಅತ್ತೆಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ನಾನು ಕೇಳಿಲ್ಲ, ಅವರು ಹೇಳಿಲ್ಲ.

"ದಯಾನಂದಗ ನಾಕ ದಿನದಿಂದ ಕೆಮ್ಮ ಐತಿ," ಎಂದರು ಕೊನೆಗೆ. "ಶುಂಠಿ, ಮೆಣಸು ಹಾಕಿ ಒಂದ ಲೋಟ ಕಾಢಾ ಕಾಸಿ ಕೊಡು. ನಾನ ಒಯ್ತೀನಿ."

ಕಾಸಿ ಕೊಟ್ಟೆ. ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದು, ಇನ್ನೊಂದು ಕೈ ಗೋಡೆಗೆ ಕೊಟ್ಟು ಅತ್ತೆ ಇಳಿದು ಹೋದರು. ನಾನು ಕಿಟಕಿಯಲ್ಲಿ ಕಿವಿಯಿಟ್ಟು ನಿಂತೆ. ಆ ದಿನ ಅವರು ಬೈಯಲಿಲ್ಲ.